ಇಂಗ್ಲೆಂಡಿನ ಹಲ್ಲಿನ ದವಾಖಾನೆಗಳ ಬಗ್ಗೆ ನಿಮ್ಮ ಪ್ರಶ್ನೆಗೆ ಉತ್ತರ

ನಮಸ್ಕಾರ. ಧಾರವಾಡದಿಂದ ರೆಡಿಂಗ್‌ಗೆ ಬಂದು ಹೆಚ್ಚು ದಿನವಾಗಿಲ್ಲ, ಅಷ್ಟರಲ್ಲೇ ದವಡೆ ಹಲ್ಲು ನೋಯತೊಡಗಿದೆ ಎಂದು ಬರೆದಿದ್ದೀರಿ. ಮನೆಯ ಹತ್ತಿರದ ದವಾಖಾನೆಗೆ ಗೂಗಲ್‌ನಲ್ಲಿ ಸುಮಾರು ಐದೂ ನಕ್ಷತ್ರಗಳಿವೆ, ಅದನ್ನು ನಂಬಬಹುದೇ, ಇಲ್ಲವೇ ಮಾತ್ರೆ ನುಂಗುತ್ತ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗಲೇ ತೋರಿಸಿಕೊಳ್ಳುವುದು ಲೇಸೇ ಎಂಬುದು ನಿಮ್ಮ ಪ್ರಶ್ನೆ.

ಎರಡನೆಯದಕ್ಕೆ ಉತ್ತರ ಸುಲಭ: ಕಾಯಬೇಡಿ. ನೋವು ತಡೆಯಲಾಗದಿದ್ದರೆ, ಇತ್ತ ಯಾವ ದವಾಖಾನೆಯೂ ಸಿಗದಿದ್ದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ 111 ಸಹಾಯವಾಣಿಗೆ ಕರೆ ಮಾಡಿ. ತುರ್ತು ಚಿಕಿತ್ಸೆ ಸಿಗುವ ಜಾಗವನ್ನು ಅವರು ಹುಡುಕಿಕೊಡುತ್ತಾರೆ. ಮುಖ ಊದಿ ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ದಂತವೈದ್ಯರ ದಾರಿ ಕಾಯದೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಮೊದಲ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು. ನಕ್ಷತ್ರ ಕೊಡುವವರು ಸ್ವಾಗತದ ಮೇಜಿನಲ್ಲಿದ್ದವರ ನಗುಮುಖ, ಕಾಯಿಸದೆ ಒಳಗೆ ಕರೆದದ್ದು, ಇಂಜೆಕ್ಷನ್ ನೋಯಲಿಲ್ಲ ಎಂಬುದು, ಇವುಗಳಿಗೆ ಅಂಕ ಕೊಡುತ್ತಾರೆ. ಉಪಕರಣಗಳು ಸರಿಯಾಗಿ ಶುದ್ಧಗೊಂಡಿದ್ದವೇ, ಬೇಡದ ಕ್ಯಾಪ್ ಹಾಕಿದರೇ, ರೂಟ್ ಕೆನಾಲ್ ತುದಿಯವರೆಗೆ ತುಂಬಿತೇ ಎಂಬುದು ಕುರ್ಚಿಯಲ್ಲಿ ಮಲಗಿದವರಿಗೆ ಕಾಣುವುದಿಲ್ಲ. ಹಾಗೆಂದು ನಾವು ಕತ್ತಲೆಯಲ್ಲಿರಬೇಕಾಗಿಯೂ ಇಲ್ಲ. ಈ ದೇಶದಲ್ಲಿ ದವಾಖಾನೆಯ ಬಗ್ಗೆ ಸಾರ್ವಜನಿಕರು ಓದಬಹುದಾದ ಅಧಿಕೃತ ಕಾಗದಪತ್ರಗಳಿವೆ, ಅವನ್ನು ನಮ್ಮವರು ತೆರೆದು ನೋಡುವುದೇ ಅಪರೂಪ.

ಮೊದಲನೆಯದು ದಂತವೈದ್ಯ ವೃತ್ತಿಯನ್ನು ನಿಯಂತ್ರಿಸುವ ಜನರಲ್ ಡೆಂಟಲ್ ಕೌನ್ಸಿಲ್‌ನ ನೋಂದಣಿ ಪುಸ್ತಕ. ಇಲ್ಲಿ ದಂತವೈದ್ಯರಷ್ಟೇ ಅಲ್ಲ, ಡೆಂಟಲ್ ನರ್ಸ್, ಹೈಜೀನಿಸ್ಟ್, ಥೆರಪಿಸ್ಟ್, ಹಲ್ಲಿನ ಸೆಟ್ ತಯಾರಿಸುವ ತಂತ್ರಜ್ಞರು ಕೂಡ ನೋಂದಾಯಿಸಿಕೊಳ್ಳಲೇಬೇಕು. ಹೆಸರನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿದರೆ ನೋಂದಣಿ ಚಾಲ್ತಿಯಲ್ಲಿದೆಯೇ, ಅವರ ವೃತ್ತಿಯ ಮೇಲೆ ಯಾವುದಾದರೂ ಷರತ್ತು ಅಥವಾ ಅಮಾನತು ಇದೆಯೇ ಎಂಬುದು ಕೂಡಲೇ ತಿಳಿಯುತ್ತದೆ. ಸಿಬ್ಬಂದಿಯ ಹೆಸರು, ನೋಂದಣಿ ಸಂಖ್ಯೆ ಮತ್ತು ಸರಳವಾದ ದರಪಟ್ಟಿಯನ್ನು ರೋಗಿಗಳಿಗೆ ಕಾಣುವ ಜಾಗದಲ್ಲಿ ಹಾಕಬೇಕೆಂಬುದು ಅದೇ ಕೌನ್ಸಿಲ್‌ನ ನಿಯಮ. ಕಾಯುವ ಕೋಣೆಯಲ್ಲಿ ಕುಳಿತಾಗ ಫೋನ್ ನೋಡುವ ಬದಲು ಒಮ್ಮೆ ಗೋಡೆ ನೋಡಿ. ವೈದ್ಯರು ನಮ್ಮ ದಾವಣಗೆರೆಯಲ್ಲೋ ಮಣಿಪಾಲದಲ್ಲೋ ಬಿಡಿಎಸ್ ಓದಿದವರಾದರೆ ಇಲ್ಲಿ ಮತ್ತೆ ಪರೀಕ್ಷೆ ಬರೆದು ಗೆದ್ದೇ ಈ ಪುಸ್ತಕ ಸೇರಿರುವ ಸಾಧ್ಯತೆ ಹೆಚ್ಚು, ಆದುದರಿಂದ ಪದವಿ ಭಾರತದ್ದೆಂದು ಹಿಂಜರಿಯುವ ಕಾರಣವಿಲ್ಲ. ಕನ್ನಡ ಮಾತಾಡುತ್ತಾರೆಂಬ ಒಂದೇ ಕಾರಣಕ್ಕೆ ಆರಿಸಿಕೊಳ್ಳುವುದೂ ಬೇಡ.

ಎರಡನೆಯದು ಆರೋಗ್ಯ ಸೇವೆಗಳನ್ನು ತಪಾಸಿಸುವ ಕೇರ್ ಕ್ವಾಲಿಟಿ ಕಮಿಷನ್, ಅಂದರೆ ಎಲ್ಲರ ಬಾಯಲ್ಲಿ ಸಿಕ್ಯೂಸಿ. 2011ರಿಂದ ಇಂಗ್ಲೆಂಡಿನ ದಂತ ಚಿಕಿತ್ಸಾಲಯಗಳು, ಎನ್‌ಎಚ್‌ಎಸ್ ಆಗಲಿ ಖಾಸಗಿಯಾಗಲಿ, ಇದರಲ್ಲಿ ನೋಂದಾಯಿಸಿಕೊಂಡಿರಬೇಕು. (ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ವ್ಯವಸ್ಥೆ ಬೇರೆ.) ಜಿಪಿಗಳಿಗೂ (ಸಾಮಾನ್ಯ ವೈದ್ಯರ ದವಾಖಾನೆಗಳಿಗೂ) ಆಸ್ಪತ್ರೆಗಳಿಗೂ ಕೊಡುವಂತೆ ‘ಉತ್ತಮ’, ‘ಅತ್ಯುತ್ತಮ’ ಎಂಬ ದರ್ಜೆಯನ್ನು ಸಿಕ್ಯೂಸಿ ದಂತ ಚಿಕಿತ್ಸಾಲಯಗಳಿಗೆ ಕೊಡುವುದಿಲ್ಲ, ಆದಕಾರಣ ದರ್ಜೆ ಕಾಣಲಿಲ್ಲವೆಂದು ಅನುಮಾನಿಸಬೇಡಿ, ವರದಿಯನ್ನೇ ಓದಿ. ಸೇವೆ ಸುರಕ್ಷಿತವೇ, ಪರಿಣಾಮಕಾರಿಯೇ, ಕಾಳಜಿಯುಳ್ಳದ್ದೇ, ರೋಗಿಯ ಅಗತ್ಯಕ್ಕೆ ಸ್ಪಂದಿಸುತ್ತದೆಯೇ, ಆಡಳಿತ ಸರಿಯಿದೆಯೇ ಎಂಬ ಐದು ಪ್ರಶ್ನೆಗಳ ಚೌಕಟ್ಟಿನಲ್ಲಿ ತಪಾಸಣೆ ನಡೆಯುತ್ತದೆ, ಮತ್ತು ನಿಯಮಗಳು ಪಾಲನೆಯಾಗಿವೆಯೋ ಇಲ್ಲವೋ ಎಂದು ವರದಿ ಹೇಳುತ್ತದೆ.

ಇಲ್ಲಿ ಓದುವ ಜಾಣ್ಮೆ ಬೇಕು. ವರದಿಯ ದಿನಾಂಕ ಮೊದಲು ನೋಡಿ, ಏಕೆಂದರೆ ಎಲ್ಲ ದವಾಖಾನೆಗಳನ್ನೂ ಪ್ರತಿವರ್ಷ ತಪಾಸಿಸುವುದಿಲ್ಲ, ಹಳೆಯ ವರದಿಯ ನಂತರ ಮಾಲೀಕರೇ ಬದಲಾಗಿರಬಹುದು. ಆಮೇಲೆ, ತಪ್ಪು ಯಾವ ಜಾತಿಯದು ನೋಡಿ. ಯಾರದೋ ತರಬೇತಿಯ ಪ್ರಮಾಣಪತ್ರ ಕಡತದಲ್ಲಿ ಸಿಗಲಿಲ್ಲವೆಂಬುದು ಒಂದು ಬಗೆ. ತುರ್ತು ಔಷಧಿಗಳ ಅವಧಿ ಮುಗಿದಿತ್ತು, ಆಮ್ಲಜನಕ ಸಾಲದು, ಎಕ್ಸ್-ರೇ ಯಂತ್ರದ ಪರೀಕ್ಷೆ ಆಗಿರಲಿಲ್ಲ, ಕುರ್ಚಿಯ ನೀರಿನ ಕೊಳವೆಗಳಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ಎಚ್ಚರ ವಹಿಸಿರಲಿಲ್ಲ ಎಂಬುದು ಇನ್ನೊಂದು ಬಗೆ. ಮೊದಲ ಬಗೆಯದು ತಿದ್ದಿಕೊಂಡಿದ್ದರೆ ನಾನು ಹೋಗುತ್ತೇನೆ, ಎರಡನೆಯ ಬಗೆಯದು ಎರಡು ವರದಿಗಳಲ್ಲಿ ಮರುಕಳಿಸಿದ್ದರೆ ಹೋಗುವುದಿಲ್ಲ.

ಇನ್ನು ಕಣ್ಣಾರೆ ಕಾಣುವುದು. ಉಪಕರಣಗಳ ಶುದ್ಧೀಕರಣಕ್ಕೆ ಎಚ್‌ಟಿಎಂ 01-05 ಎಂಬ ಮಾರ್ಗಸೂಚಿ ಇದೆ: ತೊಳೆಯಬೇಕು, ಬೆಳಕಿನಡಿ ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು, ಬಳಿಕ ಆಟೋಕ್ಲೇವ್ ಎಂಬ ಯಂತ್ರದಲ್ಲಿ 134ರಿಂದ 137 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕನಿಷ್ಠ 3 ನಿಮಿಷ ಇಡಬೇಕು. ನಿಮಗೆ ಕಾಣುವುದು ಇದರ ಕೊನೆಯ ಹಂತ ಮಾತ್ರ: ಒಂದು ಮಗ್ಗುಲು ಕಾಗದ, ಒಂದು ಮಗ್ಗುಲು ಪಾರದರ್ಶಕವಾದ ಪೊಟ್ಟಣ, ಮೇಲೆ ದಿನಾಂಕ, ಅಂಚಿನಲ್ಲಿ ಬಣ್ಣ ಬದಲಾದ ಸಣ್ಣ ಗುರುತು, ನರ್ಸ್ ಅದನ್ನು ನಿಮ್ಮೆದುರೇ ಹರಿದು ಕನ್ನಡಿಯನ್ನೂ ಹಲ್ಲು ಪರೀಕ್ಷಿಸುವ ಶಲಾಕೆಯನ್ನೂ (ತೆಳುವಾದ ಕಡ್ಡಿ) ತಟ್ಟೆಯಲ್ಲಿಡುತ್ತಾರೆ. ಬಣ್ಣ ಬದಲಾದದ್ದು ಪೊಟ್ಟಣ ಯಂತ್ರದೊಳಗೆ ಹೋಗಿ ಬಂದಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಕ್ರಿಮಿಯೆಲ್ಲ ಸತ್ತಿದೆ ಎಂಬುದಕ್ಕಲ್ಲ, ಅದಕ್ಕೆ ಯಂತ್ರದ ದಿನನಿತ್ಯದ ದಾಖಲೆ ಬೇಕು. ಪೊಟ್ಟಣವಿಲ್ಲದೆ ಮುಚ್ಚಿಟ್ಟು ಅಂದೇ ಬಳಸುವುದಕ್ಕೂ ಅವಕಾಶವಿದೆ, ಹಾಗಾಗಿ ಪೊಟ್ಟಣ ಕಾಣದಿದ್ದರೆ ಗಾಬರಿಪಡದೆ ಕೇಳಿ. ರೂಟ್ ಕೆನಾಲ್ ಆಗಬೇಕಿದ್ದರೆ ಒಳಗೆ ಉಜ್ಜುವ ಸೂಜಿಯಂಥ ಫೈಲುಗಳು ಹೊಸವೇ ಎಂದೂ ಕೇಳಬಹುದು; ಅವನ್ನು ಒಬ್ಬ ರೋಗಿಗೆ ಬಳಸಿ ಎಸೆಯಬೇಕೆಂದು 2007ರಲ್ಲೇ ಇಲ್ಲಿ ಸೂಚನೆ ಬಂದಿದೆ.

ಒಳ್ಳೆಯ ತಪಾಸಣೆಗೆ ಇನ್ನೂ ಒಂದೆರಡು ಲಕ್ಷಣಗಳಿವೆ. ಬಾಯಿ ತೆರೆಯುವ ಮೊದಲೇ ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಅಲರ್ಜಿಗಳ ಬಗ್ಗೆ ವಿಚಾರಿಸುತ್ತಾರೆ. ಬಾಯಿಯ ವಸಡನ್ನು ಆರು ಭಾಗಗಳೆಂದು ಎಣಿಸಿ, ಮೊಂಡು ತುದಿಯ ಶಲಾಕೆಯಿಂದ ಮೆಲ್ಲನೆ ಅಳೆದು, ವಸಡಿನ ಸ್ಥಿತಿ ಸೂಚಿಸುವ ಸೊನ್ನೆಯಿಂದ ನಾಲ್ಕರವರೆಗಿನ ಅಂಕಗಳನ್ನು ನರ್ಸ್‌ಗೆ ಬರೆಸುತ್ತಾರೆ. ಎಕ್ಸ್-ರೇ ಏಕೆ ಬೇಕೆಂದು ಹೇಳುತ್ತಾರೆ, ತೆಗೆದ ಮೇಲೆ ಪರದೆಯಲ್ಲಿ ತೋರಿಸುತ್ತಾರೆ. ಕೆಲಸ ಶುರು ಮಾಡುವ ಮೊದಲು ಚಿಕಿತ್ಸೆ ಏನು, ಬೇರೆ ದಾರಿಗಳೇನು, ಖರ್ಚೆಷ್ಟು, ಯಾವುದು ಎನ್‌ಎಚ್‌ಎಸ್, ಯಾವುದು ಖಾಸಗಿ ಎಂಬುದನ್ನು ಬರವಣಿಗೆಯಲ್ಲಿ ಕೊಡುತ್ತಾರೆ. ಈ ಕಾಗದ ಕೊಡಲು ತಡವರಿಸುವ ಕಡೆ, ನಕ್ಷತ್ರ ಎಷ್ಟೇ ಇರಲಿ, ನಾನು ಹಲ್ಲು ಮುಟ್ಟಿಸಿಕೊಳ್ಳುವುದಿಲ್ಲ.

ದುಡ್ಡಿನ ಮಾತು ಗುಣಮಟ್ಟದ ಮಾತಿನಿಂದ ಬೇರೆಯಲ್ಲ. ವೀಸಾದ ಜೊತೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ್ದೇವಲ್ಲ, ಹಲ್ಲಿಗೂ ಅದೇ ಸಾಕು ಎಂದು ಹೊಸದಾಗಿ ಬಂದವರು ಭಾವಿಸುತ್ತಾರೆ; ಸಾಲದು. ಎನ್‌ಎಚ್‌ಎಸ್ ಹಲ್ಲಿನ ಚಿಕಿತ್ಸೆಗೆ ವಯಸ್ಕರು ಬೇರೆಯೇ ಕೊಡಬೇಕು. 2025ರ ಏಪ್ರಿಲ್‌ನಲ್ಲಿ ನಿಗದಿಯಾದ ದರದಂತೆ ತಪಾಸಣೆಗೆ 27.40 ಪೌಂಡ್, ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದು ಸೇರಿದರೆ ಒಟ್ಟು 75.30, ಕ್ಯಾಪ್ ಅಥವಾ ಸೆಟ್ ಆದರೆ 326.70 ಇತ್ತು. ಒಂದೇ ಚಿಕಿತ್ಸಾ ಸುತ್ತಿನಲ್ಲಿ ಎರಡು ಫಿಲ್ಲಿಂಗ್ ಆದರೂ ನಾಲ್ಕಾದರೂ ಅದೇ ಒಂದು ದರ. ನಿಮ್ಮ ಮಗಳು ಚಿಕ್ಕವಳಾದ್ದರಿಂದ ಅವಳಿಗೆ ಶುಲ್ಕವೇನೂ ಇಲ್ಲ, ಅವಳನ್ನೂ ಕರೆದುಕೊಂಡು ಹೋಗಿ. ಎನ್‌ಎಚ್‌ಎಸ್‌ನಲ್ಲಿ ಸಿಗುವ ಚಿಕಿತ್ಸೆಯನ್ನು ಖಾಸಗಿಯಾಗಿ ಮಾತ್ರ ಸಿಗುತ್ತದೆಂದು ರೋಗಿಯನ್ನು ನಂಬಿಸುವುದು ವೃತ್ತಿ ನಿಯಮದ ಉಲ್ಲಂಘನೆ. ಹಾಗೆ ಹೇಳಿದರೆ ಕಾರಣವನ್ನು ಬರೆದುಕೊಡಿ ಎನ್ನಿ. ಅದೇ ವೇಳೆ, ಊರಿನಲ್ಲಿ ವರ್ಷಕ್ಕೊಮ್ಮೆ ಕ್ಲೀನಿಂಗ್ ಮಾಡಿಸಿ ರೂಢಿಯಾದ ನಮಗೆ ‘ಸದ್ಯಕ್ಕೆ ಏನೂ ಬೇಡ, ಎರಡು ವರ್ಷ ಬಿಟ್ಟು ಬನ್ನಿ’ ಎಂಬ ಮಾತು ಉದಾಸೀನದಂತೆ ಕೇಳಿಸುತ್ತದೆ. ಅದು ಉದಾಸೀನವಲ್ಲ: ಹಲ್ಲು, ವಸಡಿನ ಸ್ಥಿತಿ ನೋಡಿ ವಯಸ್ಕರಿಗೆ 3ರಿಂದ 24 ತಿಂಗಳ ಅಂತರದಲ್ಲಿ ಮರುತಪಾಸಣೆ ಎಂದು, ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ನೈಸ್ (NICE) ಎಂಬ ಅಧಿಕೃತ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ.

ದೂರು ಕೊಡಬೇಕಾಗಿ ಬಂದರೆ ಮೊದಲು ದವಾಖಾನೆಗೇ ಬರೆಯಬೇಕು. ಅಲ್ಲಿ ಬಗೆಹರಿಯದಿದ್ದರೆ ಎನ್‌ಎಚ್‌ಎಸ್ ಚಿಕಿತ್ಸೆಯ ದೂರು ಆರೋಗ್ಯ ಓಂಬುಡ್ಸ್‌ಮನ್ ಬಳಿಗೆ, ಖಾಸಗಿಯದು ಡೆಂಟಲ್ ಕಂಪ್ಲೇಂಟ್ಸ್ ಸರ್ವೀಸ್ ಬಳಿಗೆ ಹೋಗುತ್ತದೆ.

ಡಿಸೆಂಬರ್‌ನ ವಿಷಯ ಉಳಿಯಿತು. ಈಗ ಇಲ್ಲಿ ನೋವಿಗೆ ಪರಿಹಾರ ಮಾಡಿಸಿಕೊಂಡು, ಕ್ಯಾಪ್‌ನಂಥ ದೊಡ್ಡ ಕೆಲಸವನ್ನು ಧಾರವಾಡದಲ್ಲಿ ಮಾಡಿಸುವುದಾದರೆ ನನ್ನ ಆಕ್ಷೇಪವಿಲ್ಲ, ಆದರೆ ಎರಡೂ ಕಡೆಯ ದಾಖಲೆ ಕೈಯಲ್ಲಿರಲಿ. ಇಲ್ಲಿನ ಟಿಪ್ಪಣಿ, ಎಕ್ಸ್-ರೇಗಳ ಪ್ರತಿಯನ್ನು ಕೇಳಿ ಪಡೆಯುವುದು ಕಾನೂನಿನಲ್ಲಿ ನಿಮಗಿರುವ ಹಕ್ಕು. ಅಲ್ಲಿನ ವೈದ್ಯರಿಂದ ಚಿಕಿತ್ಸೆಯ ಮೊದಲಿನ ಮತ್ತು ನಂತರದ ಎಕ್ಸ್-ರೇ, ಕ್ಯಾಪ್ ಯಾವ ವಸ್ತುವಿನದು ಎಂಬ ವಿವರ, ದಿನಾಂಕ, ಇಷ್ಟನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಬನ್ನಿ. ಬೇರೆಯವರು ಮಾಡಿದ ಕೆಲಸ ಕೆಟ್ಟಾಗ ದಾಖಲೆಯಿಲ್ಲದೆ ಅದನ್ನು ಕೈಗೆತ್ತಿಕೊಳ್ಳಲು ಇಲ್ಲಿನ ವೈದ್ಯರು ಹಿಂದೆಮುಂದೆ ನೋಡುತ್ತಾರೆ.