700ಆರ್4 ಗೇರ್‌ಬಾಕ್ಸ್ 400 ಹಾರ್ಸ್‌ಪವರ್ ತಡೆದೀತೇ?

ದುಬೈಯಲ್ಲಿರುವ ನಿಮ್ಮ 1989ರ ಶೆವ್ರೊಲೆ ಪಿಕಪ್ಪಿಗೆ 400 ಹಾರ್ಸ್‌ಪವರಿನ ಕಾರ್ಬ್ಯುರೇಟರ್ ವಿ8 ಕೂರಿಸುತ್ತಿದ್ದೀರಿ. ಹಳೇ 700ಆರ್4 ಆಟೊಮ್ಯಾಟಿಕ್ ಬಾಕ್ಸನ್ನೇ ಗಟ್ಟಿ ಮಾಡಿ ಉಳಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ.

ಧಾರಾಳವಾಗಿ ಉಳಿಸಿಕೊಳ್ಳಬಹುದು. ನಾನು ಬದಿಯಡ್ಕದವ. ಶಾರ್ಜಾದ ಗ್ಯಾರೇಜೊಂದರಲ್ಲಿ ಹದಿಮೂರು ವರ್ಷ ಗೇರ್‌ಬಾಕ್ಸ್ ಬಿಚ್ಚಿ, ಈಗ ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ನನ್ನ ಕೈಗೆ ಬಂದ 700ಆರ್4ಗಳಲ್ಲಿ ಎಂಜಿನ್ನಿನ ಬಲಕ್ಕೆ ಮುರಿದವು ಕಡಿಮೆ. ಎಣ್ಣೆಯ ಪ್ರೆಶರ್ ಸಾಲದೆ ಕ್ಲಚ್ ಜಾರಿ ಸುಟ್ಟವೇ ಜಾಸ್ತಿ. ತೋಟಕ್ಕೆ ಮದ್ದು ಬಿಡುವಾಗ ಪಂಪಿನ ಪ್ರೆಶರ್ ಇಳಿದರೆ ಮದ್ದು ಗೊನೆಗೆ ಮುಟ್ಟುವುದಿಲ್ಲವಲ್ಲ, ಅದೇ ಕಥೆ.

ಈ ಬಾಕ್ಸಿನಲ್ಲಿ ಆ ಪ್ರೆಶರ್ ಏರಿಸುವುದು ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಎಂಬ ಸಪೂರ ಸರಿಗೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಎಳೆಯಬೇಕು. ಒಮ್ಮೆ ಹೊಸ ಕ್ಲಚ್ ಪ್ಲೇಟ್ ಹಾಕಿ ಜೋಡಿಸಿದ ಬಾಕ್ಸಿಗೆ ಬೇರೆ ಕಂಪನಿಯ ಕಾರ್ಬ್ಯುರೇಟರಿನ ಲಿವರಿನಲ್ಲೇ ಕೇಬಲ್ ಸಿಕ್ಕಿಸಿ ಬಿಟ್ಟೆ. ಸರಿಯಾದ ಬ್ರಾಕೆಟ್ ಹಾಕಲಿಲ್ಲ, ಎಳೆತ ಅರ್ಧಕ್ಕೇ ನಿಂತಿತ್ತು. ಧೈದ್ ರಸ್ತೆಯಲ್ಲಿ ಟ್ರಯಲಿಗೆ ಹೋಗಿ ವಾಪಸು ಬರುವಷ್ಟರಲ್ಲಿ ಮೂರನೇ ಗೇರ್ ಇಲ್ಲ! ಪ್ಯಾನ್ ಇಳಿಸಿದರೆ ಎಣ್ಣೆ ಕಾಫಿಯ ಬಣ್ಣ, ತಳ ಹಿಡಿದ ಬೆಲ್ಲದ ವಾಸನೆ. ಪ್ಲೇಟುಗಳ ಲೈನಿಂಗ್ ಉದುರಿ ಉಕ್ಕು ನೀಲಿಯಾಗಿತ್ತು. ತಪ್ಪು ನನ್ನದೇ, ಸಂಬಳದಲ್ಲಿ ಹಿಡಿದರು.

ಆದ್ದರಿಂದ ನಿಮ್ಮ ಕಾರ್ಬ್ಯುರೇಟರಿಗೆ ಹೊಂದುವ ಟಿವಿ ಬ್ರಾಕೆಟ್ ಮೊದಲು ತನ್ನಿ. ಪ್ರೆಶರ್ ಗೇಜ್ ಕಟ್ಟಿ, ಕೇಬಲ್ ಪೂರ್ತಿ ಎಳೆದಾಗ ಮುಳ್ಳು ಏರುತ್ತದೋ ನೋಡದೆ ಗಾಡಿ ರಸ್ತೆಗೆ ಇಳಿಸಬೇಡಿ.

ಒಳಗಿನ ಕೆಲಸದಲ್ಲಿ ಜೀವ ಇರುವುದು 3-4 ಕ್ಲಚ್ಚಿನಲ್ಲಿ. ಮೂರನೇ ಗೇರಿಗೂ ನಾಲ್ಕನೆಯದಕ್ಕೂ ಅದೇ ಹಿಡಿಯಬೇಕು, ಮೊದಲು ಸಾಯುವುದೂ ಅದೇ. ಹೆಚ್ಚು ಪ್ಲೇಟಿನ ಒಳ್ಳೆ ಸೆಟ್ ಹಾಕಿಸಿ, ಕ್ಲಿಯರೆನ್ಸ್ (ಪ್ಲೇಟುಗಳ ನಡುವಿನ ಸಂದು) ಅಳೆದು ಜೋಡಿಸಲು ಹೇಳಿ. ಪ್ಲೇಟ್ ತುಂಬಿಸಿದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ, ಜಾಗವಿಲ್ಲದಿದ್ದರೆ ಉಜ್ಜಿಯೇ ಸುಡುತ್ತದೆ. ಸನ್ ಶೆಲ್, ಅಂದರೆ ನಡುವಿನ ಸನ್ ಗೇರನ್ನು ತಿರುಗಿಸುವ ಉಕ್ಕಿನ ಚಿಪ್ಪು, ಗಟ್ಟಿ ಮಾಡಿದ್ದು ಬೇಕೇ ಬೇಕು: ಅದು ಒಡೆದರೆ ಎರಡು, ನಾಲ್ಕು, ರಿವರ್ಸ್ ಮೂರೂ ಒಟ್ಟಿಗೆ ಹೋಗುತ್ತವೆ. 29 ಎಲಿಮೆಂಟಿನ ಇನ್‌ಪುಟ್ ಸ್ಪ್ರಾಗ್ (ಒಂದೇ ಕಡೆಗೆ ತಿರುಗಲು ಬಿಡುವ ಕ್ಲಚ್), 13 ವೇನಿನ (ರೆಕ್ಕೆಯ) ಎಣ್ಣೆ ಪಂಪ್ ರೋಟರ್, ಪ್ರೆಶರ್ ಏರಿಸುವ ದೊಡ್ಡ ಬೂಸ್ಟ್ ವಾಲ್ವ್, ಎರಡನೇ-ನಾಲ್ಕನೇ ಗೇರಿನ ಪಟ್ಟಿಯನ್ನು ಬಿಗಿ ಹಿಡಿಯುವ ಕಾರ್ವೆಟ್ ಸರ್ವೊ ಕೂಡ ಬಾಕ್ಸ್ ಬಿಚ್ಚಿದಾಗಲೇ ಹಾಕಿಸಿ.

ಬಾಕ್ಸಿನ ಎಣ್ಣೆ ತಣಿಸುವ ಕೂಲರ್ ಹಳತನ್ನು ಬಿಸಾಡಿ. ಹಿಂದಿನ ಬಾಕ್ಸ್ ಸುಟ್ಟಿದ್ದರೆ ಅದರ ಲೋಹದ ಹುಡಿ ಅಲ್ಲೇ ಕೂತಿರುತ್ತದೆ. ಅಲ್ಲಿನ ಬೇಸಗೆಗೆ ರೇಡಿಯೇಟರಿನ ಹೊರಗೆ ಬೇರೆ ದೊಡ್ಡ ಕೂಲರ್ ಕಟ್ಟಿಸಿ, ಟೆಂಪರೇಚರ್ ಗೇಜೂ ಇರಲಿ. ಎಣ್ಣೆ 80-90 ಡಿಗ್ರಿ ಸೆಲ್ಸಿಯಸ್ಸಿನಲ್ಲಿದ್ದರೆ ಚಿಂತೆಯಿಲ್ಲ.

ಮರಳಿನಲ್ಲೇ ಓಡಿಸುವುದಾದರೆ ಮಾತ್ರ ನನ್ನ ಮಾತು ಬೇರೆ: ಟಿಎಚ್400 ಎಂಬ ಬೇರೆ ಆಟೊಮ್ಯಾಟಿಕ್ ಬಾಕ್ಸ್ ಹಾಕಿ ಮಾರಾಯ್ರೆ. 1964ರಲ್ಲಿ ಬಂದ ಮೂರು ಗೇರಿನ ಮುದುಕ, ಟಿವಿ ಕೇಬಲಿನ ಕಾಟವೇ ಇಲ್ಲ. ಓವರ್‌ಡ್ರೈವ್ (ಎಂಜಿನ್ನನ್ನು ನಿಧಾನ ತಿರುಗಿಸಿಯೇ ವೇಗ ಕೊಡುವ ಗೇರ್) ಕೂಡ ಇಲ್ಲವೆನ್ನಿ. 700ಆರ್4ರ ನಾಲ್ಕನೇ ಗೇರ್ 0.70 ಆದ್ದರಿಂದ, ಅದರಲ್ಲಿ 2100 ಆರ್‌ಪಿಎಂಗೆ ಸಿಗುವ ವೇಗಕ್ಕೆ ಇದರಲ್ಲಿ ಎಂಜಿನ್ 3000 ತಿರುಗಬೇಕು. ಪೆಟ್ರೋಲ್ ಕುಡಿಯುತ್ತದೆ.

ನಿಮ್ಮ ಹಿಂದಿನ ಆಕ್ಸಲಿನ ರೇಶಿಯೊ ಎಷ್ಟೆಂದು ಬರೆಯಿರಿ. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಬಾಕ್ಸಿಗೆ ದಾಟಿಸುವ ಕನ್ವರ್ಟರಿನ ಸ್ಟಾಲ್, ಅಂದರೆ ಗಾಡಿ ನಿಂತಿರುವಾಗ ಎಂಜಿನ್ ಏರಬಲ್ಲ ಆರ್‌ಪಿಎಂ, ಎಷ್ಟಿರಬೇಕೆಂದು ಅದು ನೋಡಿ ಹೇಳುತ್ತೇನೆ.