ಹಲವು ಫೈಲ್‌ಗಳಿರುವ ಸಿ ಪ್ರೋಗ್ರಾಮಿನ ಫಾರ್ಮಲ್ ವೆರಿಫಿಕೇಶನ್ (ಕೋಡ್ ಸರಿಯಿದೆ ಎಂದು ಗಣಿತದಿಂದ ಸಾಬೀತುಪಡಿಸುವ) ಕೆಲಸವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ನಿಮ್ಮ ಎಂಬೆಡೆಡ್ ಪ್ರೋಗ್ರಾಮಿನಲ್ಲಿ ಒಂದು ರಿಂಗ್ ಬಫರ್ (ಬೈಟ್‌ಗಳನ್ನು ಸುತ್ತುಸುತ್ತಾಗಿ ತುಂಬಿಡುವ ಜಾಗ), ಬರುವ ಸಂದೇಶಗಳನ್ನು ಬಿಡಿಸುವ ಒಂದು ಪಾರ್ಸರ್ ಹಾಗೂ ಹಾರ್ಡ್‌ವೇರನ್ನು ಮುಟ್ಟುವ ಡ್ರೈವರ್ ಬೇರೆ ಬೇರೆ ಫೈಲ್‌ಗಳಲ್ಲಿವೆ. ಸಿ ಕೋಡನ್ನು ಪರಿಶೀಲಿಸುವ ಫ್ರಾಮಾ-ಸಿ ಉಪಕರಣದಲ್ಲಿ ಸಾಬೀತಿನ ಕೆಲಸ ಮಾಡುವ ಡಬ್ಲ್ಯೂಪಿ ಪ್ಲಗಿನ್‌ಗೆ ಇವನ್ನು ಒಟ್ಟಿಗೆ ಕೊಡಬೇಕೇ, ಬಿಡಿಬಿಡಿಯಾಗಿ ಕೊಡಬೇಕೇ, ಕರಾರುಗಳನ್ನು (ಫಂಕ್ಷನ್ ಏನನ್ನು ಬೇಡುತ್ತದೆ, ಏನನ್ನು ಖಾತ್ರಿಪಡಿಸುತ್ತದೆ ಎಂಬ ಬರಹಗಳನ್ನು) ಎಲ್ಲಿ ಬರೆಯಬೇಕು ಎಂದು ಕೇಳಿದ್ದೀರಿ. ಬಿಡಿಯಾಗಿ ಕೊಡಿ, ಕರಾರುಗಳನ್ನು ಹೆಡರ್‌ನಲ್ಲಿ ಬರೆಯಿರಿ. ಆದರೆ ಹೀಗೆ ಬಿಡಿಸಿ ಸಾಬೀತುಪಡಿಸುವಾಗ ಫೈಲ್‌ಗಳ ನಡುವಿನ ಸಂದಿಯಲ್ಲಿ ತಪ್ಪುಗಳು ಸುಲಭವಾಗಿ ನುಸುಳುತ್ತವೆ. ಆ ಕಾರಣ ಈ ಉತ್ತರದ ಹೆಚ್ಚಿನ ಭಾಗವನ್ನು ಆ ಸಂದಿಗೇ ಮೀಸಲಿಡುತ್ತೇನೆ.

ಡಬ್ಲ್ಯೂಪಿ ಒಂದು ಸಲಕ್ಕೆ ಒಂದೇ ಫಂಕ್ಷನ್ನಿನ ಒಡಲನ್ನು ಪರಿಶೀಲಿಸುತ್ತದೆ. ಆ ಫಂಕ್ಷನ್ ಇನ್ನೊಂದನ್ನು ಕರೆದರೆ ಕರೆಸಿಕೊಂಡದ್ದರ ಒಡಲನ್ನು ಅದು ನೋಡುವುದಿಲ್ಲ, ಅದರ ಕರಾರನ್ನು ಮಾತ್ರ ನಂಬಿ ಮುಂದುವರಿಯುತ್ತದೆ. ಹಾಗಾಗಿ ಕರಾರು ಎಷ್ಟು ಗಟ್ಟಿಯಾಗಿದೆಯೋ ಕರೆಯುವವರ ಪುರಾವೆಯೂ ಅಷ್ಟೇ ಗಟ್ಟಿ. ರಿಂಗ್ ಬಫರ್‌ಗೆ ಒಂದು ಬೈಟ್ ಸೇರಿಸುವ ಫಂಕ್ಷನ್ನನ್ನೇ ತೆಗೆದುಕೊಳ್ಳಿ. ಬಫರಿನ ಗಾತ್ರ 64 ಬೈಟ್ ಎಂದಿಟ್ಟುಕೊಂಡರೆ, ಹೆಡ್ (ಮೊದಲ ಬೈಟ್ ಇರುವ ಸ್ಥಾನ) 64ಕ್ಕಿಂತ ಕಡಿಮೆಯಿದೆ, ಕೌಂಟ್ (ಈಗಿರುವ ಬೈಟ್‌ಗಳ ಸಂಖ್ಯೆ) 64ನ್ನು ಮೀರಿಲ್ಲ ಎಂಬುದನ್ನು ಹೆಡರ್‌ನಲ್ಲಿಯೇ ಒಂದು ಪ್ರೆಡಿಕೇಟ್ (ನಿಜವೋ ಸುಳ್ಳೋ ಆಗಬಲ್ಲ ಹೇಳಿಕೆ) ಆಗಿ ಬರೆದಿಡಬೇಕು. ಆ ಪ್ರೆಡಿಕೇಟ್ ನಿಜವಾಗಿರಬೇಕು ಮತ್ತು ಕೌಂಟ್ 64ಕ್ಕಿಂತ ಕಡಿಮೆಯಿರಬೇಕು ಎಂಬುದು ರಿಕ್ವೈರ್ಸ್ (ಕರೆಯುವ ಮುನ್ನ ನಿಜವಾಗಿರಬೇಕಾದ) ಭಾಗ, ಪ್ರೆಡಿಕೇಟ್ ನಿಜವಾಗಿಯೇ ಉಳಿದು ಕೌಂಟ್ ಒಂದು ಹೆಚ್ಚುತ್ತದೆ ಎಂಬುದು ಎನ್‌ಶೂರ್ಸ್ (ಮುಗಿದ ಮೇಲೆ ನಿಜವಾಗಿರುವ) ಭಾಗ. ಇಷ್ಟನ್ನು ಬರೆದವರು ಅಸೈನ್ಸ್ ಭಾಗವನ್ನು, ಅಂದರೆ ಫಂಕ್ಷನ್ ಏನೇನನ್ನು ಬದಲಿಸಬಹುದು ಎಂಬ ಪಟ್ಟಿಯನ್ನು, ಬಿಟ್ಟುಬಿಡುವುದನ್ನು ನಾನು ಬಹಳ ಕಂಡಿದ್ದೇನೆ. ಅದನ್ನು ಬಿಟ್ಟರೆ ಈ ಫಂಕ್ಷನ್ ಮೆಮೊರಿಯಲ್ಲಿ ಏನನ್ನು ಬೇಕಾದರೂ ಬದಲಿಸಬಹುದು ಎಂದು ಡಬ್ಲ್ಯೂಪಿ ಭಾವಿಸುತ್ತದೆ, ಪಾರ್ಸರ್ ತನ್ನ ವೇರಿಯಬಲ್‌ಗಳ ಬಗ್ಗೆ ಅಲ್ಲಿಯವರೆಗೆ ತಿಳಿದುಕೊಂಡದ್ದೆಲ್ಲ ಆ ಒಂದು ಕರೆಯಿಂದ ಅಳಿಸಿಹೋಗುತ್ತದೆ. ಇಡೀ ಅರೆ (ಬೈಟ್‌ಗಳನ್ನು ಸಾಲಾಗಿ ಇಟ್ಟಿರುವ array) ಬದಲಾಗುತ್ತದೆ ಎಂದು ಅಸೈನ್ಸ್‌ನಲ್ಲಿ ಧಾರಾಳವಾಗಿ ಬರೆದರೂ ಸಾಲದು, ಏಕೆಂದರೆ ಆಗ ಹಳೆಯ ಬೈಟ್‌ಗಳು ಹಾಗೆಯೇ ಉಳಿದಿವೆ ಎಂಬುದನ್ನು ಎನ್‌ಶೂರ್ಸ್‌ನಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ. ಹೆಡ್ ಮತ್ತು ಕೌಂಟ್‌ಗಳ ಮೊತ್ತವನ್ನು 64ರಿಂದ ಭಾಗಿಸಿದಾಗ ಬರುವ ಶೇಷದ ಸ್ಥಾನ ಮತ್ತು ಕೌಂಟ್ ಮಾತ್ರ ಬದಲಾಗುತ್ತವೆ ಎಂದು ಬರೆಯುವುದೇ ಉತ್ತಮ.

ಇನ್ನು ಸಂದಿಯ ವಿಷಯಕ್ಕೆ ಬರುತ್ತೇನೆ. ಪಾರ್ಸರ್ ಫೈಲನ್ನು ಪರಿಶೀಲಿಸುವಾಗ ರಿಂಗ್ ಬಫರಿನ ಕರಾರು ಕೇವಲ ಒಂದು ನಂಬಿಕೆ. ಅದೇ ಕರಾರನ್ನು ರಿಂಗ್ ಬಫರಿನ ಫೈಲ್‌ನಲ್ಲಿ ಒಡಲಿನ ಎದುರು ಸಾಬೀತುಪಡಿಸಿದಾಗ ಮಾತ್ರ ಆ ನಂಬಿಕೆಗೆ ಆಧಾರ ಸಿಗುತ್ತದೆ. ಒಂದು ಸಿ ಫೈಲ್ ತನ್ನದೇ ಹೆಡರನ್ನು ಇನ್‌ಕ್ಲೂಡ್ ಮಾಡಿಕೊಳ್ಳದಿದ್ದರೆ, ಅಥವಾ ಯಾರಾದರೂ ಎಕ್ಸ್‌ಟರ್ನ್ ಘೋಷಣೆಯನ್ನು ಕೈಯಿಂದ ನಕಲಿಸಿ ಅದಕ್ಕೆ ಬೇರೆ ಕರಾರು ಬರೆದಿದ್ದರೆ, ಎರಡೂ ಕಡೆ ಸಾಬೀತಾಗಬೇಕಾದ ಎಲ್ಲ ಗುರಿಗಳೂ ಹಸಿರಾಗಿ ಕಾಣುತ್ತವೆ, ಆದರೆ ಕರೆಯುವವನು ನಂಬಿದ ಮಾತನ್ನು ಯಾರೂ ಸಾಬೀತುಪಡಿಸಿರುವುದಿಲ್ಲ. ಮ್ಯಾಕ್ರೋಗಳಲ್ಲಿಯೂ ಇದೇ ಅಪಾಯವಿದೆ. ಬಫರಿನ ಗಾತ್ರ ಒಂದು ಓಟದಲ್ಲಿ (ಉಪಕರಣವನ್ನು ಒಮ್ಮೆ ಚಲಾಯಿಸಿದಾಗ) 64, ಇನ್ನೊಂದರಲ್ಲಿ 128 ಆಗಿದ್ದರೆ ಕರಾರಿನ ಅಕ್ಷರಗಳು ಒಂದೇ, ಅರ್ಥ ಬೇರೆ. ಪ್ರೀಪ್ರೊಸೆಸರ್ ಆಯ್ಕೆಗಳನ್ನು ಕೈಯಿಂದ ಬರೆಯದೆ, ನಿಜವಾದ ಬಿಲ್ಡ್‌ನಿಂದ ಬಂದ ಕಂಪೈಲೇಶನ್ ಡೇಟಾಬೇಸನ್ನೇ (ಪ್ರತಿ ಫೈಲನ್ನು ಯಾವ ಆಯ್ಕೆಗಳಿಂದ ಕಂಪೈಲ್ ಮಾಡಲಾಯಿತು ಎಂಬ ಪಟ್ಟಿ) ಫ್ರಾಮಾ-ಸಿಗೆ ಕೊಡಿ. ಇಂಟ್ ಮತ್ತು ಪಾಯಿಂಟರ್‌ಗಳ ಗಾತ್ರವನ್ನು ನಿರ್ಧರಿಸುವ ಮೆಷ್‌ಡೆಪ್ (machdep) ಆಯ್ಕೆಯೂ ಎಲ್ಲ ಓಟಗಳಲ್ಲಿ ಒಂದೇ ಆಗಿರಬೇಕು. ಒಡಲೂ ಇಲ್ಲದ, ಕರಾರೂ ಇಲ್ಲದ ಫಂಕ್ಷನ್ ಎದುರಾದರೆ ಫ್ರಾಮಾ-ಸಿ ಪ್ರೊಟೊಟೈಪ್ ನೋಡಿ ಅಸೈನ್ಸ್ ಭಾಗವನ್ನು ತಾನೇ ಊಹಿಸಿಕೊಂಡು ಒಂದು ಎಚ್ಚರಿಕೆಯನ್ನಷ್ಟೇ ಕೊಡುತ್ತದೆ. ಆ ಊಹೆಯಲ್ಲಿ ಗ್ಲೋಬಲ್ ವೇರಿಯಬಲ್‌ಗಳು ಸೇರಿರುವುದಿಲ್ಲ. ಆ ಎಚ್ಚರಿಕೆಯನ್ನು ದೋಷವೆಂದೇ ಪರಿಗಣಿಸಿ ಓಟ ನಿಲ್ಲುವಂತೆ ಮಾಡಿ.

ಸಿ ಫೈಲ್‌ನೊಳಗೆ ಅಡಗಿರುವ ಸ್ಟ್ಯಾಟಿಕ್ ವೇರಿಯಬಲ್‌ಗಳನ್ನು ಹೆಡರಿನ ಕರಾರು ಹೆಸರಿಸಲಾಗದು. ಪುರಾವೆಗಾಗಿ ಮಾತ್ರ ಇರುವ ಘೋಸ್ಟ್ ವೇರಿಯಬಲ್‌ಗಳಿಂದ ಇದನ್ನು ನಿಭಾಯಿಸಬಹುದಾದರೂ, ಸ್ಥಿತಿಯನ್ನೆಲ್ಲ ಒಂದು ಸ್ಟ್ರಕ್ಟ್‌ಗೆ ಸೇರಿಸಿ ಪಾಯಿಂಟರ್ ಮೂಲಕ ಕಳಿಸುವಂತೆ ಕೋಡನ್ನೇ ತಿದ್ದುವುದು ನನಗೆ ಮೇಲೆನಿಸುತ್ತದೆ.

ಪಾರ್ಸರಿನಲ್ಲಿ ಬೈಟ್ ಅರೆಯ ಪಾಯಿಂಟರನ್ನು ಸ್ಟ್ರಕ್ಟ್ ಪಾಯಿಂಟರ್ ಆಗಿ ಕಾಸ್ಟ್ ಮಾಡಿದ್ದರೆ ಡಬ್ಲ್ಯೂಪಿಯ ಟೈಪ್ಡ್ ಮೆಮೊರಿ ಮಾದರಿಗೆ ಅದು ದಕ್ಕುವುದಿಲ್ಲ. ಅಲ್ಲಿ ಬೈಟ್‌ಗಳನ್ನು ಶಿಫ್ಟ್ ಮಾಡಿ ಜೋಡಿಸುವಂತೆ ಬರೆಯಿರಿ. ಎಂಡಿಯನ್ (ಬೈಟ್‌ಗಳ ಕ್ರಮದ) ವ್ಯತ್ಯಾಸದ ಗೊಡವೆಯೂ ಇದರಿಂದ ತಪ್ಪುತ್ತದೆ. ಬೇರೆ ಬೇರೆ ಪಾಯಿಂಟರ್‌ಗಳು ಒಂದೇ ಜಾಗವನ್ನು ತೋರುತ್ತಿಲ್ಲ ಎಂದು ಡಬ್ಲ್ಯೂಪಿ ಕೆಲವೆಡೆ ತಾನಾಗಿ ಭಾವಿಸಿಕೊಂಡು ಅದನ್ನು ಎಚ್ಚರಿಕೆಯಾಗಿ ಮುದ್ರಿಸುತ್ತದೆ. ಅಂಥ ಪ್ರತಿಯೊಂದು ಸಾಲನ್ನೂ ರಿಕ್ವೈರ್ಸ್ ಭಾಗಕ್ಕೆ ಸೇರಿಸಿದರೆ ಕರೆಯುವವರು ಅದನ್ನು ಸಾಬೀತುಪಡಿಸಲೇಬೇಕಾಗುತ್ತದೆ. ಓವರ್‌ಫ್ಲೋ, ಅರೆಯ ಗಡಿ ಮೀರುವಿಕೆಗಳನ್ನು ಪರಿಶೀಲಿಸಲು ಆರ್‌ಟಿಇ (ರನ್‌ಟೈಮ್ ದೋಷಗಳ) ಆಯ್ಕೆ ಬೇಕೇ ಬೇಕು. ರಿಕ್ವೈರ್ಸ್‌ಗಳೇ ಒಂದಕ್ಕೊಂದು ವಿರುದ್ಧವಾಗಿದ್ದರೆ ಏನು ಬೇಕಾದರೂ ಸಾಬೀತಾಗುತ್ತದೆಯಾದ್ದರಿಂದ ಅಂಥ ವಿರೋಧಗಳನ್ನು ಹುಡುಕುವ ಸ್ಮೋಕ್ ಟೆಸ್ಟ್ ಆಯ್ಕೆಯನ್ನೂ ಸದಾ ಚಾಲನೆಯಲ್ಲಿಡಿ.

ಡ್ರೈವರ್ ಫೈಲನ್ನು ಡಬ್ಲ್ಯೂಪಿಯಿಂದ ಹೊರಗಿಟ್ಟು, ಅದರ ಹೆಡರ್‌ಗೆ ಕರಾರು ಬರೆದು, ಈ ಕರಾರು ಸಾಬೀತಾಗಿಲ್ಲ ಎಂದು ಒಂದು ಪಟ್ಟಿಯಲ್ಲಿ ಸ್ಪಷ್ಟವಾಗಿ ದಾಖಲಿಸಿ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಆಸ್ಟ್ರೇಲಿಯಾದ ನಿಕ್ಟಾ ಸಂಸ್ಥೆ 2009ರಲ್ಲಿ ಸುಮಾರು 8,700 ಸಾಲು ಸಿ ಕೋಡಿರುವ ಎಸ್‌ಇಎಲ್4 ಮೈಕ್ರೋಕರ್ನೆಲ್ (ಆಪರೇಟಿಂಗ್ ಸಿಸ್ಟಮಿನ ಪುಟ್ಟ ತಿರುಳು) ಕುರಿತ ಪುರಾವೆಯನ್ನು ಪ್ರಕಟಿಸಿದಾಗ ಕಂಪೈಲರ್, ಅಸೆಂಬ್ಲಿ ಕೋಡ್, ಬೂಟ್ ಕೋಡ್ ಮತ್ತು ಹಾರ್ಡ್‌ವೇರ್ ಸರಿಯಾಗಿವೆ ಎಂಬ ನಂಬಿಕೆಗಳನ್ನು ಬಿಡಿಸಿ ಹೇಳಿತ್ತು. ಹಾಗೆ ಹೇಳಿದ್ದರಿಂದಲೇ ಆ ಪುರಾವೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದು ಓದುವವರಿಗೆ ತಿಳಿಯಿತು.

ಕೆಲಸದ ಕ್ರಮದಲ್ಲಿ, ಮೊದಲು ಎಲ್ಲ ಹೆಡರ್‌ಗಳಿಗೂ ಕರಡು ಕರಾರುಗಳನ್ನು ಬರೆಯಿರಿ, ಆಮೇಲೆ ಬೇರೆ ಯಾರನ್ನೂ ಕರೆಯದ ರಿಂಗ್ ಬಫರಿನಿಂದ ಸಾಬೀತನ್ನು ಆರಂಭಿಸಿ. ಪಾರ್ಸರಿಗೆ ಬಂದಾಗ ರಿಂಗ್ ಬಫರಿನ ಎನ್‌ಶೂರ್ಸ್ ಸಾಲದು ಎಂದು ತಿಳಿದು ಹಿಂದಿರುಗಿ ಬಲಪಡಿಸಬೇಕಾಗುವುದು ಸಹಜ. ಪ್ರತಿ ಸಿ ಫೈಲ್‌ಗೂ ಮೇಕ್‌ಫೈಲ್‌ನಲ್ಲಿ ಒಂದು ಟಾರ್ಗೆಟ್ ಇಟ್ಟು, ಅದು ಇನ್‌ಕ್ಲೂಡ್ ಮಾಡುವ ಹೆಡರ್‌ಗಳನ್ನೆಲ್ಲ ಅದರ ಅವಲಂಬನೆಗಳಾಗಿ ಬರೆದಿಟ್ಟರೆ, ಒಂದು ಕರಾರು ಬದಲಾದ ಕೂಡಲೇ ಅದನ್ನು ನಂಬಿದ ಫೈಲ್‌ಗಳೆಲ್ಲ ತಾವಾಗಿಯೇ ಮತ್ತೆ ಪರಿಶೀಲನೆಗೆ ಒಳಪಡುತ್ತವೆ.