ಡಿಬಿ ಹತ್ತಿರ ಪೈಪುಗಳನ್ನು ಒತ್ತೊತ್ತಾಗಿ ಇಳಿಸಬೇಡಿ

ಸರ್, ಐದು ಇಂಚಿನ ಸ್ಲ್ಯಾಬ್‌ನಲ್ಲಿ ವೈರಿಂಗ್‌ನ ಹನ್ನೆರಡು ಪೈಪನ್ನೂ ಒಟ್ಟಿಗೆ ಡಿಬಿಗೆ (ಮನೆಯ ವೈರುಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆ, ಡಿಸ್ಟ್ರಿಬ್ಯೂಷನ್ ಬೋರ್ಡ್) ಇಳಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಪೈಪುಗಳು ಒಂದಕ್ಕೊಂದು ಅಂಟಿಕೊಂಡರೆ ನಡುವೆ ಜಲ್ಲಿ ಇಳಿಯುವುದಿಲ್ಲ, ಅಲ್ಲೇ ಸ್ಲ್ಯಾಬ್ ಟೊಳ್ಳಾಗುತ್ತದೆ. 25 ಎಂಎಂ ಪೈಪಾದರೆ ಮಧ್ಯದಿಂದ ಮಧ್ಯಕ್ಕೆ 75 ಎಂಎಂ ಬಿಡಿ. ಡಿಬಿ ಗೋಡೆಯ ಉದ್ದಕ್ಕೂ ಹರಡಿ ಇಳಿಸಿ, ಆಮೇಲೆ ಗೋಡೆಯಲ್ಲಿ ಒಟ್ಟುಗೂಡಿಸಿ. ಅಲ್ಲಿ ಬೀಮ್ ಇದ್ದರೆ ಮೊದಲು ಇಂಜಿನಿಯರ್‌ಗೆ ತೋರಿಸಿ.

ಪೈಪು ಕೆಳಗಿನ ಕಂಬಿಯ ಮೇಲೆ, ಮೇಲಿನ ಕಂಬಿಯ ಕೆಳಗೆ ಬರಬೇಕು. ಕಾಂಕ್ರೀಟ್ ಸುರಿಯಲು ಕೆಳಗೆ ಹಾಸಿದ ಸೆಂಟ್ರಿಂಗ್ ಶೀಟಿಗೆ ತಾಗಲೇಬಾರದು. ತಿರುವಿನಲ್ಲಿ ಎಲ್ಬೋ (ಥಟ್ಟನೆ ತಿರುಗುವ ಜೋಡಣೆ) ಬೇಡ, ಉದ್ದನೆಯ ಬೆಂಡ್ ಹಾಕಿಸಿ, ಇಲ್ಲದಿದ್ದರೆ ವೈರ್ ಎಳೆಯುವಾಗ ಸಿಕ್ಕಿಕೊಳ್ಳುತ್ತದೆ. ಸೋಲಾರ್, ಇನ್ವರ್ಟರ್‌ಗೆಂದು ಎರಡು ಖಾಲಿ ಪೈಪು ಈಗಲೇ ಬಿಟ್ಟಿರಿ. ಬಾಯಿಗಳಿಗೆಲ್ಲ ಟೇಪ್ ಸುತ್ತಿಸಿ. ಕಾಂಕ್ರೀಟ್ ಹಾಕುವಾಗ ಎಲೆಕ್ಟ್ರಿಷಿಯನ್ ಅಲ್ಲೇ ನಿಂತಿರಲಿ, ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ತಗುಲಿ ಜಾಯಿಂಟ್ ಬಿಟ್ಟರೆ ತಕ್ಷಣ ಕೂಡಿಸಬಹುದು.